ಎಲೆಯ ಮುಂದೆ ಉಸಿರು ಹಿಡಿದು

ಮಾರ್ಚ್ 3, ಸಂಜೆ

ಮುದುಕಿ ಇವತ್ತೂ ಹಠ ಹಿಡಿದಳು. ಎಲೆಗೆ ಕ್ಲಿಪ್ ಹಾಕಿದೆ, ಮುಖ ತಿರುಗಿಸಿದೆ, ಉಸಿರು ಬಿಗಿ ಹಿಡಿದೆ. ಅಂಕಿ ಇಳಿಯುತ್ತ ಇಳಿಯುತ್ತ ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಚಂಗನೆ ಮೇಲಕ್ಕೆ. ಮತ್ತೆ ಹಾಕಿದೆ. ಮತ್ತೆ ಅದೇ ಕಥೆ. ಆಮೇಲೆ ಡಬ್ಬಿಗೆ ಒಂದು ಏಟು ಕೊಟ್ಟೆ. ವಯಸ್ಸಾದವರ ಮೇಲೆ ಕೈ ಮಾಡಬಾರದು ಅಂತ ನನ್ನ ಜೊತೆ ಕೆಲಸ ಮಾಡುವ ಗಡ್ಡ ಆ ಸಾಲಿನಿಂದಲೇ ಕೂಗಿದ.

ಕ್ಲಿಪ್ಪಿನ ರಬ್ಬರ್ ಸವೆದಿರಬೇಕು. ಬದಲಾಯಿಸಬೇಕು. ನಾಳೆ.

ಬೆಳಗ್ಗೆ ಹೊರಡುವಾಗ ಅತ್ತೆ ಕೇಳಿದರು — ಅಲ್ಲಿ ಇಡೀ ದಿನ ಏನು ಮಾಡ್ತೀಯ, ಗಿಡಕ್ಕೆ ನೀರು ಹಾಕ್ತೀಯಾ ಅಂತ. ಮದುವೆಯಾದಾಗಿನಿಂದ ಕೇಳುತ್ತಿದ್ದಾರೆ. ಹೌದು ಅಂದುಬಿಟ್ಟೆ. ಇಲ್ಲಿ ಸರಿಯಾಗಿ ಬರೆಯುತ್ತೇನೆ, ಯಾರೂ ಓದದಿದ್ದರೂ ಸರಿ. ಎಲೆ ಎಷ್ಟು ಗಾಳಿ ಕುಡಿಯುತ್ತದೆ ಅಂತ ಅಳೆಯುತ್ತೇನೆ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳು. ಅವು ತೆರೆದರೆ ಕಾರ್ಬನ್ ಡೈಆಕ್ಸೈಡ್ ಒಳಗೆ; ಆಮ್ಲಜನಕ, ನೀರಾವಿ ಹೊರಗೆ. ಕ್ಲಿಪ್ಪಿನೊಳಗೆ ಹೋಗುವ ಗಾಳಿ ಒಂದು, ಬರುವ ಗಾಳಿ ಒಂದು. ನಡುವಿನ ವ್ಯತ್ಯಾಸ ಎಷ್ಟು ಅಂತ ಮುದುಕಿ ಹೇಳುತ್ತಾಳೆ. ಮುದುಕಿ ಅಂದರೆ ನಮ್ಮ ಮೆಷಿನ್. ಹಳೆಯದು, ಬಾಯಿ ಸಡಿಲ. ಹತ್ತಿರ ನಿಂತವರು ಉಸಿರು ಬಿಟ್ಟರೆ ಅದೂ ಒಳಕ್ಕೆ ನುಸುಳಿ ಲೆಕ್ಕ ಕೆಡುತ್ತದೆ, ನಾವು ಬಿಡುವುದೂ ಅದೇ ಕಾರ್ಬನ್ ಡೈಆಕ್ಸೈಡ್ ತಾನೆ. ಅದಕ್ಕೇ ಗಾಜುಮನೆಯ ನಿಯಮ: ಕ್ಲಿಪ್ ಮುಚ್ಚಿದ ಮೇಲೆ ಅಂಕಿ ನಿಲ್ಲುವವರೆಗೆ ಉಸಿರಾಡಕೂಡದು.

ಈ ಒಂದು ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹೊಸಬರು ಬಂದರೆ ಮೇಡಂ ನನ್ನನ್ನು ತೋರಿಸಿ, ಇವರೇ ನಮ್ಮ ಮೀನು ಅನ್ನುತ್ತಾರೆ. ಹೆಮ್ಮೆ ಇದೆ. ಇಟ್ಟುಕೊಂಡರೆ ತಪ್ಪೇನು.

ಮಾರ್ಚ್ 6

ಹೊಸ ರಬ್ಬರ್ ಹಾಕಿದ್ದಾಯಿತು. ಏಳನೇ ತಳಿಯ ಸಾಲು ಚೆನ್ನಾಗಿಯೇ ಬಂತು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಮತ್ತೆ ಅಂಕಿಯ ಕುಣಿತ. ಎರಡೂ ಟೊಮೇಟೊ. ಬೇಸಿಗೆ ಮುಗಿಯುವುದರೊಳಗೆ ಯಾವುದು ಸೆಕೆಯಲ್ಲೂ ಬಾಯಿ ತೆರೆದು ಗಾಳಿ ಕುಡಿಯುತ್ತದೆ ಅಂತ ತೀರ್ಮಾನ ಆಗಬೇಕು. ಗೆದ್ದದ್ದರ ಬೀಜ ಹೊಲಕ್ಕೆ, ಸೋತದ್ದು ಗುಂಡಿಗೆ. ಏಳು ಜಾಣ, ಬಿಸಿಲೇರಿದ ಕೂಡಲೇ ಬಾಯಿ ಮುಚ್ಚಿ ನೀರು ಉಳಿಸುತ್ತದೆ, ಆದರೆ ಹಸಿದುಕೊಂಡಿರುತ್ತದೆ. ಹನ್ನೊಂದು ಮೊಂಡು. ನೀರು ಹೋದರೆ ಹೋಗಲಿ, ಊಟ ಬಿಡುವುದಿಲ್ಲ ಅಂತ ತೆರೆದೇ ಇರುತ್ತದೆ. ನನಗೆ ಹನ್ನೊಂದರ ಮೇಲೆ ಪ್ರೀತಿ. ಮೇಡಂಗೆ ಹೇಳಿಲ್ಲ, ಅಳೆಯುವವರಿಗೆ ಪಕ್ಷ ಇರಬಾರದು.

ಮಧ್ಯಾಹ್ನ ಗೊಬ್ಬರದ ಕೋಣೆಯಲ್ಲಿ ಮೂಟೆ ಬಿಚ್ಚಿ ಕಲಸಿದೆ. ಬಿಚ್ಚಿದ ತಕ್ಷಣ ಬೂಷ್ಟಿನ ಬಿಳಿ ಪುಡಿ ಮುಖಕ್ಕೆ. ಸಂಜೆ ಮೈ ಬಿಸಿ, ಸಣ್ಣ ಚಳಿ, ಒಣಕೆಮ್ಮು. ರಾತ್ರಿ ಮಲಗೆದ್ದರೆ ಸರಿಹೋಗುತ್ತದೆ.

ಮಾರ್ಚ್ 9, ಭಾನುವಾರ

ಸರಿಹೋಯಿತು. ಎರಡು ದಿನ ರಜೆ, ಕೆಮ್ಮು ಮಾಯ. ನೋಡಿ, ಏನೂ ಇಲ್ಲ.

ಸಂಜೆಯಾಗುತ್ತಲೇ ಅತ್ತೆ ನಮ್ಮ ಕೋಣೆಯ ಕಿಟಕಿಯಿಂದ ಕುಂಡಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ದಿನಾ ಇದೇ ಮೆರವಣಿಗೆ. ಕತ್ತಲಾದ ಮೇಲೆ ಗಿಡ ನಮ್ಮ ಗಾಳಿ ಕಸಿಯುತ್ತದಂತೆ. ಗಿಡವೂ ರಾತ್ರಿ ನಮ್ಮ ಹಾಗೇ ಉಸಿರಾಡುತ್ತದೆ ನಿಜ, ಆದರೆ ಅಂಗೈಯಗಲದ ಕುಂಡ ಎಷ್ಟು ತಾನೇ ಎಳೆದೀತು? ಪಕ್ಕದಲ್ಲಿ ಮಲಗುವ ನಿಮ್ಮ ಮಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಳೆಯುತ್ತಾರೆ, ಮೊದಲು ಅವರನ್ನು ಕಾರಿಡಾರಿಗೆ ಹಾಕಿ ಅಂದೆ. ಇವರು ಪೇಪರಿನ ಹಿಂದಿನಿಂದ, ನನಗೆ ದಿಂಬು ಕೊಟ್ಟರೆ ಸಾಕು ಅಂದರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಯ ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು, ಓದಿದವರಿಗೆ ಎಲ್ಲಾ ಗೊತ್ತಪ್ಪ ಅಂತ ಗೊಣಗುತ್ತ ಹೋದರು.

ಮಾರ್ಚ್ 14

ಮನೆಯ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತೆ. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಪಟ್ಟಿ ಸರಿಯಾಗಿಯೇ ಇತ್ತು. ನಿನ್ನೆಯೂ ಅಲ್ಲೇ ನಿಂತಿದ್ದೆ.

ಬೆಳಗ್ಗೆ ಗೇಟಿನಲ್ಲಿ ಕೆಮ್ಮಿದೆ. ಗೇಟಿನ ಅಣ್ಣ ಕುರ್ಚಿಯಿಂದ ಎದ್ದು ನಿಂತರು. ಮೊದಲು ಅವರೇ ಗಾಜುಮನೆಯ ಮಾಲಿ. ನನಗೆ ಚಿಗುರು ಚಿವುಟುವುದು ಕಲಿಸಿದವರು. ಎದೆಯ ಕಾಯಿಲೆ ಬಂತು, ಡಾಕ್ಟರು ಗಾಜುಮನೆಗೆ ಕಾಲಿಡಬೇಡಿ ಅಂದರು, ಗೇಟಿಗೆ ಹಾಕಿದರು. ಅಂದಿನಿಂದ ಅಲ್ಲಿ ಬರುವ ಗಾಡಿಗೆ ಕೋಲು ಎತ್ತುತ್ತಾರೆ, ಇಳಿಸುತ್ತಾರೆ. ಗಾಜಿನ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತು ನನ್ನನ್ನೇ ನೋಡುತ್ತ, ಯಾವಾಗಿನಿಂದ ಅಂತ ಕೇಳಿದರು. ಬಿಸಿಲಿನ ಧೂಳು ಅಂತ ಮಾತು ತೇಲಿಸಿದೆ.

ಡಾಕ್ಟರ ಹತ್ತಿರ ಹೋದರೆ ನನಗೂ ಅದನ್ನೇ ಹೇಳುತ್ತಾರೆ. ಗೊತ್ತು. ಗೊಬ್ಬರದ ಕೋಣೆಗೆ ಹೋದ ಸಂಜೆ ಚಳಿಜ್ವರ, ರಜೆಯಲ್ಲಿ ಮಾಯ. ಇಷ್ಟು ಕೂಡಿಸಿ ನೋಡಲು ಡಿಗ್ರಿ ಬೇಕಾ. ವರ್ಷಕ್ಕೊಮ್ಮೆ ಆಫೀಸಿನವರಿಗೆಲ್ಲ ಮಾಡಿಸುವ ಚೆಕಪ್ ಇವತ್ತಿತ್ತು — ಕೊಳವೆಯಲ್ಲಿ ಊದುವುದು. ಹಲ್ಲುನೋವು ಅಂತ ಹೇಳಿ ಹೋಗಲಿಲ್ಲ. ಹಲ್ಲಿಗೂ ಊದುವುದಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಗೇಟಿನ ಆ ಕುರ್ಚಿಯಲ್ಲಿ ಕೂರಲಾರೆ. ಗಾಜುಮನೆ ಬಿಟ್ಟರೆ ನಾನು ಯಾರು? ಬೇರೆ ಏನು ಬರುತ್ತದೆ ನನಗೆ?

ಮಾರ್ಚ್ 20

ಮಗಳಿಗೆ ನಾಳೆ ವಿಜ್ಞಾನದ ಪರೀಕ್ಷೆ. ಸಸ್ಯ ಮತ್ತು ಮಾನವರಲ್ಲಿ ಅನಿಲ ವಿನಿಮಯ, ವ್ಯತ್ಯಾಸ ಬರೆಯಿರಿ. ಪುಸ್ತಕದಲ್ಲಿದ್ದದ್ದನ್ನು ಗಿಣಿಯ ಹಾಗೆ ಒಪ್ಪಿಸಿದಳು. ನನಗೆ ತಡೆಯಲಿಲ್ಲ. ಪುಸ್ತಕ ಮುಚ್ಚಿಸಿದೆ. ಎಲೆಗೆ ಎದೆ ಇಲ್ಲ ಕಣೇ, ಎಳೆಯುವುದೂ ಇಲ್ಲ ನೂಕುವುದೂ ಇಲ್ಲ, ಬಾಗಿಲು ತೆಗೆದಿಟ್ಟರೆ ಗಾಳಿ ತಾನಾಗಿ ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಹೋಗುತ್ತೆ. ಬಾಗಿಲ ಎರಡು ಪಕ್ಕ ಎರಡು ಕಾವಲು ಕೋಶ. ನೀರು ತುಂಬಿದರೆ ಉಬ್ಬಿ ಬಾಗುತ್ತವೆ, ನಡುವೆ ಬಾಯಿ ತೆರೆಯುತ್ತೆ. ನೀರು ಇಳಿದರೆ ಸೊರಗಿ ಮುಚ್ಚಿಕೊಳ್ಳುತ್ತವೆ. ನಮಗೆ ಬಾಗಿಲು ಒಳಗೆ, ತುಂಬಾ ಒಳಗೆ. ಅಷ್ಟು ಆಳಕ್ಕೆ ಗಾಳಿ ಮುಟ್ಟಿಸಬೇಕು ಅಂದರೆ ಎದೆ ತಿದಿ ಒತ್ತುತ್ತಲೇ ಇರಬೇಕು. ಅಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಸಣ್ಣ ಗಾಳಿಚೀಲ. ಅವುಗಳ ಗೋಡೆ ಎಷ್ಟು ತೆಳು ಅಂದರೆ, ಈಚೆ ಗಾಳಿ ಆಚೆ ರಕ್ತ, ನಡುವೆ ಇದ್ದೂ ಇಲ್ಲದ ಹಾಗೆ ಒಂದು ಪೊರೆ. ಆಮ್ಲಜನಕ ಆಚೆಗೆ, ಕಾರ್ಬನ್ ಡೈಆಕ್ಸೈಡ್ ಈಚೆಗೆ. ಅಲ್ಲೂ ಅದೇ ನಿಯಮ, ಹೆಚ್ಚಿದ್ದ ಕಡೆಯಿಂದ ಕಡಿಮೆಗೆ.

ಆ ಗೋಡೆ ದಪ್ಪ ಆಗಿಬಿಟ್ಟರೆ ಅಂತ ಕೇಳಿದಳು. ಪರೀಕ್ಷೆಗೆ ಬರಲ್ಲ, ಬಿಡು ಅಂದೆ.

ಆಮೇಲೆ ಊಟದ ಮೇಜಿನ ಮೇಲೆ ಪಂದ್ಯ ಶುರುಮಾಡಿದಳು. ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ. ಅಮ್ಮನ್ನ ಸೋಲಿಸೋಕೆ ಆಗಲ್ಲ ಅಂತ ಇವರು ಆಗಲೇ ತೀರ್ಪು ಕೊಟ್ಟಿದ್ದರು. ಇವರು ಮೊದಲು ಬಿಟ್ಟರು, ಅವರದು ಯಾವಾಗಲೂ ಹಾಗೇ. ಮಗಳ ಕೆನ್ನೆ ಉಬ್ಬಿ ಕೆಂಪಗೆ. ನನಗೆ ಎದೆಯೊಳಗೆ ಯಾರೋ ಗುದ್ದಿದ ಹಾಗೆ. ಬಿಟ್ಟುಬಿಟ್ಟೆ. ಅವಳಿನ್ನೂ ಹಿಡಿದೇ ಇದ್ದಳು. ಗೆದ್ದೆ ಅಂತ ಕುಣಿಯುತ್ತಾಳೆ ಅಂದುಕೊಂಡೆ. ಕುಣಿಯಲಿಲ್ಲ. ಬೇಕಂತ ಸೋತೆ ಅಲ್ವಾ ಅಮ್ಮ ಅಂದಳು. ಹೌದು ಅಂದೆ. ಅತ್ತೆ ತಟ್ಟೆ ಎತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಮಾರ್ಚ್ 21, ಬೆಳಗ್ಗೆ

ಮುದುಕಿಯದು ತಪ್ಪಲ್ಲ.

ಇಷ್ಟು ಬರೆದದ್ದೇ ಸಾಕು. ಬಸ್ಸು ತಪ್ಪುತ್ತದೆ.

ಏಪ್ರಿಲ್ 2

ಬರೆಯದೆ ಎಷ್ಟೋ ದಿನ. ಪೆನ್ನು ಹಿಡಿದರೆ ನಿಜ ಬರುತ್ತದೆ ಅಂತ ಹಿಡಿಯಲಿಲ್ಲ. ಇವತ್ತು ಹಿಡಿಯದೆ ಇರಲು ಆಗುತ್ತಿಲ್ಲ.

ಮೇಡಂ ನನ್ನನ್ನೂ ಗಡ್ಡನನ್ನೂ ಕರೆದರು. ಸ್ಕ್ರೀನಿನ ಮೇಲೆ ಹನ್ನೊಂದರ ಗ್ರಾಫ್. ಗೆರೆ ಇಳಿದು, ಇನ್ನೇನು ಸಮವಾಗಬೇಕು, ಅಲ್ಲಿಂದ ಸಣ್ಣ ಸಣ್ಣ ಗುಡ್ಡ. ಒಂದಾದ ಮೇಲೆ ಒಂದು, ಒಂದೇ ಅಂತರ. ಮೇಡಂ ಪೆನ್ಸಿಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋದರು.

"ಇದು ಲೀಕ್ ಅಲ್ಲ. ಇದು ಯಾರೋ ಉಸಿರಾಡ್ತಿರೋದು."

ಅಷ್ಟು ಹತ್ತಿರ ಹತ್ತಿರ ಗುಡ್ಡಗಳು... ಓಡಿ ಬಂದವರ ಉಸಿರಿನ ಹಾಗೆ. ನನ್ನ ಒಳಗನ್ನು ಗೋಡೆಗೆ ಅಂಟಿಸಿ ತೋರಿಸಿದ ಹಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಗಡ್ಡ ಕೆಮ್ಮಿದ, ಸುಳ್ಳು ಕೆಮ್ಮು. ನಂದೇ ಇರಬೇಕು ಮೇಡಂ, ನೆಗಡಿ, ಮೂಗು ಕಟ್ಟಿ ಹಿಡಿಯೋಕೆ ಆಗ್ತಿಲ್ಲ ಅಂದ. ನಾನು ಉಸಿರೆತ್ತಲಿಲ್ಲ.

ಮೇಡಂ ಒಳ್ಳೆಯವರು, ಆದರೆ ಕೆಲಸದ ವಿಷಯಕ್ಕೆ ಮುಖ ನೋಡುವವರಲ್ಲ. ಇವತ್ತಿನಿಂದ ಗಡ್ಡ ಮೆಷಿನ್ ಮುಟ್ಟುವ ಹಾಗಿಲ್ಲ. ಗೊಬ್ಬರದ ಕೋಣೆ ಪೂರ್ತಿ ಅವನದು. ರೀಡಿಂಗ್ ಎಲ್ಲ ನನ್ನದು. ನಿಮ್ಮ ಉಸಿರಿನ ಮೇಲೆ ನನಗೆ ನಂಬಿಕೆ ಇದೆ ಅಂದರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಏಪ್ರಿಲ್ 3, ಮಧ್ಯಾಹ್ನ

ಹನ್ನೆರಡು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ್ದೇವೆ ನಾನೂ ಗಡ್ಡನೂ. ಒಬ್ಬರ ಊಟದ ಡಬ್ಬಿ ಒಬ್ಬರು ತೆರೆದು ತಿಂದಿದ್ದೇವೆ. ಇವತ್ತು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಅಂತ. ಕೈ ತೊಳೆಯುತ್ತಲೇ ಇದ್ದ.

"ನಿನಗೆ ಒಂದಿಷ್ಟು ದಿನ ಸಿಗಲಿ ಅಂತ. ಡಾಕ್ಟರ್ ಹತ್ರ ಹೋಗು. ಆಮೇಲೆ ನೀನೇ ಹೇಳ್ತೀಯೋ ಇಲ್ವೋ, ನಿನಗೆ ಬಿಟ್ಟಿದ್ದು."

ಉಪಕಾರ ಕೇಳಿದ್ದು ಯಾರು ಅಂತ ರೇಗಿದೆ. ರೇಗಿದ್ದು ಅವನ ಮೇಲಲ್ಲ. ಅವನ ಗಡ್ಡದ ತುಂಬ ಬಿಳಿ ಬೂಷ್ಟಿನ ಪುಡಿ. ಮೂಗಿಗೆ ಏನಾದರೂ ಕಟ್ಟಿಕೋ ಅಂದೆ. ನೀನು ಕಟ್ಟಿಕೊಂಡಿದ್ಯಾ ಇಷ್ಟು ವರ್ಷ ಅಂದ.

ಏಪ್ರಿಲ್ 4

ಉಪಾಯ ಹೊಳೆದಿದೆ! ಸ್ಟೋರಿನಲ್ಲಿ ಬಿದ್ದಿದ್ದ ಕೊಳವೆ, ತೋಳಿಗಿಂತ ಉದ್ದ. ಒಂದು ತುದಿ ಬಾಯಲ್ಲಿ, ಇನ್ನೊಂದು ಹೆಗಲ ಮೇಲಿಂದ ಬೆನ್ನ ಹಿಂದೆ. ಮೂಗಿನಿಂದ ಎಳೆದುಕೊಳ್ಳುವುದು, ಕೊಳವೆಯಿಂದ ಹಿಂದಕ್ಕೆ ಬಿಡುವುದು. ಉಸಿರು ಹಿಡಿಯುವ ಗೋಜೇ ಇಲ್ಲ. ನೋಡಿದವರು ಹುಕ್ಕಾ ಅಂದುಕೊಳ್ಳಬೇಕು. ಹನ್ನೊಂದರ ಗ್ರಾಫಿನಲ್ಲಿ ಒಂದು ಗುಡ್ಡ ಇಲ್ಲ. ಬೆಣ್ಣೆಯಂಥ ಗೆರೆ.

ಇಡೀ ಬೇಸಿಗೆ ಹೀಗೇ ಸಾಗಿಸಬಹುದು. ಬೀಜ ಹೊಲಕ್ಕೆ ಹೋಗಲಿ, ಆಮೇಲೆ ಡಾಕ್ಟರು.

ಏಪ್ರಿಲ್ 8

ಇವರಿಗೆ ಗೊತ್ತಾಗಿದೆ. ಸಂಜೆ ಎರಡನೇ ಮಹಡಿಯಲ್ಲಿ ಕಾಯುತ್ತ ನಿಂತಿದ್ದರು, ಬಸ್ ಡಿಪೋದ ಯೂನಿಫಾರ್ಮಿನಲ್ಲೇ. ದಿನಾ ಇಲ್ಲೇ ಯಾಕೆ ಬಿಚ್ಚಿಹೋಗುತ್ತೆ ಆ ಚಪ್ಪಲಿ ಅಂದರು. ಸಿಟ್ಟಿಲ್ಲ, ನಗುವೂ ಇಲ್ಲ. ಬ್ಯಾಗ್ ತೆಗೆದುಕೊಂಡು ಮುಂದೆ ನಡೆದರು, ನನ್ನ ಕಾಲಿಗೆ ತಕ್ಕ ಹಾಗೆ ನಿಧಾನ. ನನಗೆ ಅಳು ಬಂತು. ಮೆಟ್ಟಿಲ ಮೇಲೆ ಅತ್ತರೆ ಇನ್ನೂ ಏದುಸಿರು, ಅದಕ್ಕೇ ನುಂಗಿದೆ.

ಮನೆಯೊಳಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಪಾಟು ಜೋಡಿಸಿದೆ, ಮತ್ತೆ ಕೆಡವಿದೆ. ನೀನು ಹೀಗೆ ಓಡಾಡಿದ್ರೆ ನನಗೆ ತಲೆ ಸುತ್ತುತ್ತೆ ಅಂದರು ಅತ್ತೆ.

ಏಪ್ರಿಲ್ 11, ಸಂಜೆ

ಸೋಮವಾರ ಹನ್ನೊಂದನ್ನು ಕೀಳುತ್ತಾರೆ.

ಮೇಡಂ ಇವತ್ತು ಅಷ್ಟನ್ನೂ ಕೂಡಿಸಿ ನೋಡಿದರು. ಏಳು ಪರವಾಗಿಲ್ಲ, ಹನ್ನೊಂದು ಸೋಮಾರಿ. ಬಾಯಿ ತೆರೆದಿಟ್ಟು ನೀರು ಸೋರಿಸುತ್ತದೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ಅಷ್ಟಕ್ಕಷ್ಟೆ ಕುಡಿಯುತ್ತದೆ. ಈ ಸಲದ ಗೆರೆ ನುಣುಪಾಗಿದೆ, ಅನುಮಾನಕ್ಕೆ ಜಾಗವೇ ಇಲ್ಲ ಅಂದರು. ನನ್ನ ಬೆನ್ನು ತಟ್ಟಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಿಂದಿನ ಸೀಟಿನವರು ಸಿಗರೇಟ್ ಸೇದಿ ಬಂದಿರಬೇಕು, ಬಾಯಿ ತಿರುಗಿಸಿ ಉಸಿರು ಬಿಡುತ್ತಿದ್ದರು. ಆದರೂ ವಾಸನೆ ಸುತ್ತಿಬಳಸಿ ನನ್ನ ಮೂಗಿಗೇ ಬಂತು. ಆಗ ಅರ್ಥವಾಯಿತು.

ಹನ್ನೊಂದರ ಸಾಲು ಗಾಜುಮನೆಯ ಕೊನೆಯ ಮೂಲೆ. ಗಾಳಿ ಆಡದ ಜಾಗ. ಏಳು ಮುಗಿಸಿ, ಡಬ್ಬಿ ಹೊತ್ತು ಅಲ್ಲಿಗೆ ಹೋಗುವಷ್ಟರಲ್ಲಿ ನನಗೆ ಏದುಸಿರು. ಕೊಳವೆಯಿಂದ ಹಿಂದಕ್ಕೆ ಬಿಟ್ಟೆ, ಹೌದು. ಬಿಟ್ಟದ್ದು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಮೂಲೆಯಲ್ಲೇ ದಟ್ಟವಾಯಿತು, ಮುದುಕಿಯ ಸಡಿಲ ಬಾಯಿಂದ ಒಂದೇ ಸಮ ಒಳಕ್ಕೆ ಸೇರಿತು. ಗುಡ್ಡ ಹೋಯಿತು, ಸುಳ್ಳು ಉಳಿಯಿತು. ಎಲೆ ಕುಡಿಯುತ್ತ ಇತ್ತು, ನಾನು ಸುರಿಯುತ್ತ ಇದ್ದೆ. ಕುಡಿದದ್ದು ಲೆಕ್ಕಕ್ಕೇ ಬರಲಿಲ್ಲ.

ಮಗಳಿಗೆ ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಅಂತ ಪಾಠ ಹೇಳಿದವಳು ನಾನು.

ಏಪ್ರಿಲ್ 13, ಭಾನುವಾರ

ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಹೇಳದಿದ್ದರೆ ಏನಾಗುತ್ತದೆ? ಒಂದು ತಳಿ ಹೋಗುತ್ತದೆ. ಟೊಮೇಟೊ. ಲೋಕ ಮುಳುಗುವುದಿಲ್ಲ. ಗಡ್ಡ ಗೊಬ್ಬರ ಕಲಸುತ್ತ ಇರುತ್ತಾನೆ, ನಾನು ಕೊಳವೆ ಕಚ್ಚಿಕೊಂಡು ಇನ್ನೊಂದು ಬೇಸಿಗೆ... ಇನ್ನೊಂದು ಬೇಸಿಗೆಗೆ ಉಸಿರು ಎಲ್ಲಿಂದ ತರಲಿ?

ಹೇಳಿದರೆ ಗೇಟು.

ಸಂಜೆ ಅತ್ತೆ ಕುಂಡ ಹೊರಗಿಡಲು ಬಂದರು. ನಾನು ಮಂಚದ ಮೇಲೆ ಕೂತಿದ್ದೆ. ಕುಂಡ ಕೆಳಗಿಟ್ಟು ಪಕ್ಕದಲ್ಲಿ ಕೂತರು. ಬೆನ್ನ ಮೇಲೆ ಕೈ ಇಟ್ಟರು, ಸುಮ್ಮನೆ, ಮಗುವಿಗೆ ಜ್ವರ ನೋಡುವ ಹಾಗೆ. ಕೈ ಮೇಲೆ ಕೆಳಗೆ ಹೋಗುವುದು ಅವರಿಗೆ ಗೊತ್ತಾಗಿರಬೇಕು, ಎಷ್ಟು ಬೇಗ ಬೇಗ.

"ಗಿಡ ಇದ್ರೂ ಇಲ್ದೇ ಇದ್ರೂ ನಿನಗೆ ಗಾಳಿ ಸಾಲ್ತಿಲ್ಲ ಕಣೇ. ಇದು ನನಗೆ ಗೊತ್ತಾಗಿ ತಿಂಗಳಾಯ್ತು. ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ."

ಅವರ ಮುಂದೆ ಅತ್ತುಬಿಟ್ಟೆ. ಮೆಟ್ಟಿಲ ಮೇಲೆ ನುಂಗಿದ್ದೂ ಸೇರಿ ಎಲ್ಲ ಬಂತು. ಅತ್ತರೆ ಕೆಮ್ಮು, ಕೆಮ್ಮಿದರೆ ಅಳು. ಭಯ ಆಗ್ತಿದೆ ಅಂತ ಹೇಳಿದೆ. ಜೀವದ ಭಯಾನಾ ಅಂತ ಕೇಳಿದರು. ಅಲ್ಲ, ಕೆಲಸದ್ದು ಅಂದೆ. ಹುಚ್ಚಿ ಅಂದರು. ಬೈದದ್ದೇ ಹಿತವಾಗಿತ್ತು.

ಏಪ್ರಿಲ್ 14

ಗುದ್ದಲಿ ಹಿಡಿದವರು ಬರುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಮೇಡಂ ಬಂದರು. ಏನೆಲ್ಲ ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಹನ್ನೊಂದನ್ನ ಕೀಳಿಸ್ಬೇಡಿ ಮೇಡಂ. ಅದು ಸೋಮಾರಿ ಅಲ್ಲ. ಅಲ್ಲಿ ಇರೋ ಉಸಿರು ನಂದು. ಗುಡ್ಡಗಳೂ ನಂದೇ."

ಕೆಮ್ಮು, ಚಳಿಜ್ವರ, ಎಲ್ಲ ಹೇಳಿ ಕೊಳವೆ ತೋರಿಸಿದೆ. ಮೇಡಂ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈದರು, ಚೆನ್ನಾಗಿಯೇ. ಒಂದು ತಿಂಗಳ ಕೆಲಸ ಹಾಳು ಅಂದರು, ಗಡ್ಡನನ್ನು ಸುಮ್ಮನೆ ಅನುಮಾನಿಸಿದೆ ಅಂದರು, ಇಷ್ಟು ವರ್ಷದ ನಂಬಿಕೆ ಅಂದರು. ಎಲ್ಲ ಸರಿ. ಆಮೇಲೆ ಧ್ವನಿ ಇಳಿಯಿತು. ಕುರ್ಚಿ ಎಳೆದು ಕೂರಿಸಿ, ಆ ಕೋಣೆಯ ಬೂಷ್ಟನ್ನು ನಾನೂ ನೋಡ್ತಾನೇ ಇದ್ದೆ, ನೋಡಿ ಸುಮ್ಮನಿದ್ದೆ ಅಂದರು. ಗೊಬ್ಬರದ ಕೋಣೆಗೆ ಇವತ್ತೇ ಬೀಗ. ಹೊಸ ಮೂಟೆ, ಮುಖಕ್ಕೆ ಮಾಸ್ಕ್, ಆಮೇಲೆ ಕೆಲಸ.

ಹನ್ನೊಂದನ್ನು ಮತ್ತೆ ಮೊದಲಿಂದ ಅಳೆಯುತ್ತಾರೆ. ಗಡ್ಡ ಅಳೆಯುತ್ತಾನೆ.

ಅವನ ಹೆಗಲಿಗೆ ಡಬ್ಬಿಯ ಪಟ್ಟಿ ನಾನೇ ಹಾಕಿದೆ. ಮುದುಕಿಯನ್ನು ಹೊಡೀಬೇಡ ಅಂದೆ. ಅವನು ಹಲ್ಲು ಕಿಸಿಯಲಿಲ್ಲ, ತಲೆ ತಗ್ಗಿಸಿದ.

ಏಪ್ರಿಲ್ 17, ಆಸ್ಪತ್ರೆಯಿಂದ ಬಂದು

ಗಾಜಿನ ಪೆಟ್ಟಿಗೆ. ಒಳಗೆ ಒಂದು ಸ್ಟೂಲ್. ಕೂತೆ, ಬಾಗಿಲು ಮುಚ್ಚಿದರು. ಮೂಗಿಗೆ ಕ್ಲಿಪ್! ನಗು ಬಂತು, ಆದರೆ ಬಾಯಲ್ಲಿ ಕೊಳವೆ ಇತ್ತು. ಇವರು ಹೊರಗಿನ ಬೆಂಚಿನಲ್ಲಿ ನನ್ನ ಬ್ಯಾಗ್ ಅಪ್ಪಿಕೊಂಡು ಕೂತಿದ್ದು ಕಾಣುತ್ತಿತ್ತು.

ಪರೀಕ್ಷೆ ಮಾಡುವ ಹುಡುಗಿ ಬಿಡಿಸಿ ಹೇಳಿದಳು. ಒಂದು ಗ್ಯಾಸ್ ಚೂರೇ ಚೂರು ಬೆರೆಸಿದ ಗಾಳಿ ಎಳೆದುಕೊಳ್ಳಬೇಕು, ಹತ್ತು ಸೆಕೆಂಡ್ ಹಿಡಿಯಬೇಕು, ಬಿಡಬೇಕು. ಹೋದದ್ದೆಷ್ಟು, ಬಂದದ್ದೆಷ್ಟು. ನಡುವಿನದು ಗೋಡೆ ದಾಟಿ ರಕ್ತಕ್ಕೆ ಹೋಗಿದ್ದು. ನನಗೆ ಗೊತ್ತು ತಾಯಿ, ನಾನೂ ಇದನ್ನೇ ಮಾಡುತ್ತಿದ್ದೆ ಅನ್ನಬೇಕು ಅನ್ನಿಸಿತು. ಇವತ್ತು ಎಲೆ ನಾನು.

ಎಳೆದೆ. ಹಿಡೀರಿ, ಹಿಡೀರಿ, ಹಿಡೀರಿ ಅಂದಳು. ಗಾಜಿನಾಚೆ ಅವಳ ಮುಖ ನೋಡಿದೆ. ತುಟಿ ಬಿಗಿದಿತ್ತು, ಭುಜ ಮೇಲೆದ್ದಿತ್ತು. ನನ್ನ ಜೊತೆ ಅವಳೂ ಉಸಿರು ಹಿಡಿದಿದ್ದಳು. ಯಾರೂ ಹಿಡಿ ಅಂದಿರಲಿಲ್ಲ ಅವಳಿಗೆ. ದಿನಕ್ಕೆ ಎಷ್ಟು ಜನರ ಜೊತೆ ಹಿಡಿಯುತ್ತಾಳೋ.

ಮೊದಲ ಸಲ ಕೆಮ್ಮಿಬಿಟ್ಟೆ. ಎರಡನೇ ಸಲವೂ. ಆಮೇಲೆ ಹನ್ನೊಂದರ ಸಾಲು ನೆನೆಸಿಕೊಂಡೆ, ಕಣ್ಣು ಮುಚ್ಚಿದೆ, ಹಿಡಿದೆ. ಬಿಡಿ ಅಂದಾಗ ಇಬ್ಬರೂ ಒಟ್ಟಿಗೇ ಬಿಟ್ಟೆವು.

ಏಪ್ರಿಲ್ 22

ಡಾಕ್ಟರು ಹೇಳಿದ್ದು, ಸುತ್ತುಬಳಸಿಲ್ಲದೆ: ಬೂಷ್ಟಿನ ಪುಡಿಗೆ ಶ್ವಾಸಕೋಶ ಮುನಿಸಿಕೊಂಡಿದೆ. ಗಾಳಿಚೀಲದ ಗೋಡೆಗಳು ಊದಿವೆ. ಹೋಗಬೇಕಾದದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಾಟುತ್ತಿದೆ, ಅಷ್ಟೆ. ಗಾಯದ ಕಲೆಯಾಗಿ ಗಟ್ಟಿಯಾಗಿಲ್ಲ ಇನ್ನೂ. ಔಷಧ ತಗೊಂಡು, ಅದರಿಂದ ದೂರ ಇದ್ದರೆ ಊತ ಇಳಿಯಬಹುದು. ಬಹುದು ಅನ್ನುವುದನ್ನು ಒತ್ತಿ ಹೇಳಿದರು. ಇನ್ನೊಂದು ಬೇಸಿಗೆ ತಡ ಮಾಡಿದ್ದರೆ ಈ ಮಾತು ಹೇಳ್ತಿರಲಿಲ್ಲ ಅಂದರು.

ಗಾಜುಮನೆಗೆ ಮತ್ತೆ ಯಾವತ್ತು ಹೋಗಬಹುದು ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದರು. ಮೂಗಿಗೆ ಕಟ್ಟಿಕೊಂಡು? ಮತ್ತೆ ಅಲ್ಲಾಡಿಸಿದರು. ಇವರು ನನ್ನ ಕೈ ಹಿಡಿದರು, ಡಾಕ್ಟರ ಮುಂದೆಯೇ. ಇವರು ಹಾಗೆಲ್ಲ ಮಾಡುವವರಲ್ಲ.

ಸಂಜೆ ಮಗಳು ತನ್ನ ಉತ್ತರಪತ್ರಿಕೆ ತೋರಿಸಿದಳು. ಕಾವಲು ಕೋಶ, ತಿದಿ, ದ್ರಾಕ್ಷಿ ಗೊಂಚಲು, ಎಲ್ಲ ಬರೆದಿದ್ದಾಳೆ. ಪೂರ್ತಿ ಮಾರ್ಕ್ಸ್. ಕೊನೆಗೆ ಯಾರೂ ಕೇಳದ ಒಂದು ಸಾಲು: ಗೋಡೆ ದಪ್ಪವಾದರೆ ಉಸಿರು ಸಾಲುವುದಿಲ್ಲ. ಆವತ್ತೇ ಊಹಿಸಿದ್ದಾಳೆ, ಕಳ್ಳಿ. ಆ ಸಾಲಿಗೆ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ, ಪ್ರಶ್ನೆಯಲ್ಲಿ ಇಲ್ಲದ್ದು ಅಂತ.

ಕುಂಡಗಳನ್ನು ಇವತ್ತು ನಾನೇ ಹೊರಗಿಟ್ಟೆ. ಅತ್ತೆ ಬಾಗಿಲು ಹಿಡಿದುಕೊಂಡರು.

ಮೇ 6, ಬೆಳಗ್ಗೆ, ಆಫೀಸಿನ ಅಂಗಳದಲ್ಲಿ

ಗೇಟಿಗೆ ಹಾಕಲಿಲ್ಲ. ಮೇಡಂ ತಮ್ಮ ಕೋಣೆಯಲ್ಲೇ ಒಂದು ಮೇಜು ಕೊಟ್ಟಿದ್ದಾರೆ. ಬಂದ ಗ್ರಾಫುಗಳನ್ನು ನೋಡಿ ಎಲ್ಲಿ ಎಲೆ, ಎಲ್ಲಿ ಮನುಷ್ಯ ಅಂತ ಹೇಳುವುದು ನನ್ನ ಕೆಲಸ. ಗುಡ್ಡ ಗುರುತಿಸುವುದರಲ್ಲಿ ಈಗ ನನ್ನನ್ನು ಮೀರಿಸಿದವರಿಲ್ಲ. ಒಳ್ಳೆಯ ಕೆಲಸ. ಆದರೆ ಎಲೆ ಕೈಗೆ ಸಿಗುವುದಿಲ್ಲ. ಬೆರಳುಗಳಿಗೆ ಟೊಮೇಟೊ ಎಲೆಯ ಹಸಿ ವಾಸನೆ ಇಲ್ಲ. ಸಂಜೆ ಕೈ ಮೂಸಿಕೊಳ್ಳುತ್ತೇನೆ, ಸೋಪು. ಹೊಟ್ಟೆ ಉರಿಯುತ್ತದೆ, ನಿಜ ಹೇಳಬೇಕು ಅಂದರೆ.

ಎರಡನೇ ಮಹಡಿಯಲ್ಲಿ ಇನ್ನೂ ನಿಲ್ಲುತ್ತೇನೆ. ಸ್ವಲ್ಪ ಕಡಿಮೆ ಹೊತ್ತು. ಚಪ್ಪಲಿಯ ನಾಟಕ ಬಿಟ್ಟಿದ್ದೇನೆ.

ಇವತ್ತು ಹನ್ನೊಂದರ ಕೊನೆಯ ರೀಡಿಂಗ್. ಇವತ್ತಿನದು ಸೇರಿಸಿ ತೀರ್ಮಾನ. ಮೇಜಿನಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು, ಗಾಜಿನ ಪಕ್ಕದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಗೇಟಿನ ಅಣ್ಣನೂ ಬಂದಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ ಗಾಜಿಗೆ ಮುಖ ಮಾಡಿ ನಿಂತಿದ್ದಾರೆ, ಕೈ ಹಿಂದೆ ಕಟ್ಟಿಕೊಂಡು.

ಒಳಗೆ ಗಡ್ಡ. ಮುಖಕ್ಕೆ ಮಾಸ್ಕ್, ಹೆಗಲಿಗೆ ಮುದುಕಿ. ಕೊನೆಯ ಗಿಡ. ಎಲೆ ಆರಿಸಿದ, ಮೇಲಿಂದ ಮೂರನೆಯದು, ಸರಿ. ಕ್ಲಿಪ್ ಮುಚ್ಚಿದ. ಮುಖ ತಿರುಗಿಸಿದ. ತಿರುಗಿಸಿದ್ದು ನಮ್ಮ ಕಡೆಗೇ.

ಗಾಜಿನ ಈಚೆ ಎಷ್ಟು ಉಸಿರಾಡಿದರೂ ಏನೂ ಕೆಡುವುದಿಲ್ಲ. ಆದರೂ ಹಿಡಿದಿದ್ದೇನೆ. ಪಕ್ಕದಲ್ಲಿ ಅಣ್ಣನ ಭುಜವೂ ಅಲ್ಲಾಡುತ್ತಿಲ್ಲ. ಗಡ್ಡ ಒಳಗಿನಿಂದ ನೋಡಿಬಿಟ್ಟ, ಖಾಲಿ ಕೈಯಲ್ಲಿ ಸನ್ನೆ ಮಾಡುತ್ತಿದ್ದಾನೆ, ನೀವು ಬಿಡಿ, ಬಿಡಿ ಅಂತ. ನಾನು ಬಿಟ್ಟೆ. ಅಣ್ಣನೂ ಬಿಟ್ಟರು, ಕೆಮ್ಮಿದರು, ನಕ್ಕರು. ಅವನು ಇನ್ನೂ ಹಿಡಿದಿದ್ದಾನೆ. ಅಂಕಿಯ ಮೇಲೇ ಕಣ್ಣು. ಕ್ಲಿಪ್ ತೆಗೆದ. ಮಾಸ್ಕಿನೊಳಗೆ ಎದೆ ತುಂಬ ಎಳೆದುಕೊಂಡ. ಬಾಗಿಲ ಕಡೆಗೆ ಬರುತ್ತಿದ್ದಾನೆ, ನಡೆಯುತ್ತಿಲ್ಲ, ಓಡುತ್ತಿದ್ದಾನೆ, ಮಾಸ್ಕ್ ಕೆಳಗೆಳೆದ, ಗಡ್ಡದ ನಡುವೆ ಹಲ್ಲು ಕಾಣುತ್ತಿದೆ, ಹನ್ನೊಂದು —